ನಡುಗೋಡೆಯಾಚೆಯ ಮನೆ

ಆ ವರ್ಷ ಮಳೆ ಶುರುವಾದಾಗಿನಿಂದ ನನಗೊಂದು ಅಭ್ಯಾಸ ಅಂಟಿಕೊಂಡಿತ್ತು. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಶಾಲೆಯ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿರುವಾಗ, ಯಾರೊಂದಿಗೋ ಮಾತಾಡುತ್ತಿರುವಾಗಲೂ ಎದ್ದು ಹೋಗಿ ನಡುಗೋಡೆಯ ಮೇಲೆ ಅಂಗೈ ಊರುತ್ತಿದ್ದೆ. ಗೋಡೆ ತಣ್ಣಗಿರುತ್ತಿತ್ತು. ತೇವದ ಗೆರೆ ನಿನ್ನೆ ಇದ್ದ ಜಾಗದಿಂದ ಇನ್ನಷ್ಟು ಮೇಲಕ್ಕೆ ಏರಿರುತ್ತಿತ್ತು. ಕೈ ತೆಗೆದರೆ ಸುಣ್ಣದ ಹಕ್ಕಳೆ ಅಂಗೈಗೆ ಮೆತ್ತಿಕೊಂಡು ಬರುತ್ತಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಕೆಲಸಕ್ಕೆ ಕೂರುತ್ತಿದ್ದೆ. ಆದರೆ ಮನಸ್ಸು ಕೂರುತ್ತಿರಲಿಲ್ಲ.

ನಾವಿರುವುದು ಚಾಂಪಿಯನ್ ರೀಫ್ಸ್‌ನ ಲೈನ್ ಮನೆಯಲ್ಲಿ. ಉದ್ದಕ್ಕೆ ಒಂದೇ ಸಾಲು, ಮನೆಗೂ ಮನೆಗೂ ನಡುವೆ ಒಂದೇ ಗೋಡೆ. ಒಂದು ಕೋಣೆ, ಹಿಂದೆ ಅಡುಗೆಗೆ ಇಷ್ಟು ಜಾಗ, ಮುಂದೆ ನಾವೇ ಕಟ್ಟಿಕೊಂಡ ಜಗುಲಿ. ಚಿನ್ನದ ಗಣಿ ನಡೆಯುತ್ತಿದ್ದಾಗ ನನ್ನ ಮಾವನಿಗೆ ಕಂಪನಿಯಿಂದ ಸಿಕ್ಕ ಮನೆ ಅದು. ಗಣಿ ಮುಚ್ಚಿತು, ಮಾವ ತೀರಿಕೊಂಡರು, ನಾವು ಉಳಿದೆವು. ಮನೆ ನಮ್ಮದೋ ಅಲ್ಲವೋ ಎನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಆದ್ದರಿಂದಲೇ ಆ ಸಾಲಿನಲ್ಲಿ ಯಾರೂ ಮನಸ್ಸಿಟ್ಟು ರಿಪೇರಿ ಮಾಡಿಸುವುದಿಲ್ಲ, ಯಾರೂ ಪೂರ್ತಿ ಬಿಟ್ಟುಕೊಟ್ಟು ಹೋಗುವುದೂ ಇಲ್ಲ. ಬೀಗ ಹಾಕಿಕೊಂಡು ಹೋಗುತ್ತಾರೆ. ಹಬ್ಬಕ್ಕೆ ಬರುತ್ತೇವೆ ಎನ್ನುತ್ತಾರೆ. ಮೊದಲ ವರ್ಷ ಬರುತ್ತಾರೆ.

ನಮ್ಮ ಬಲಗಡೆಯ ಮನೆಯವರು ಹಾಗೆ ಹೋದವರು. ತಮಿಳು ಮಾತಾಡುವ ಸಂಸಾರ. ಆ ಮನೆಯ ಯಜಮಾನ ನನ್ನ ಮಾವನ ಜೊತೆ ಒಂದೇ ಪಾಳಿಯಲ್ಲಿ ಗಣಿಗೆ ಇಳಿಯುತ್ತಿದ್ದವರಂತೆ. ಅವರೂ ಅವರ ಹೆಂಡತಿಯೂ ತೀರಿಕೊಂಡ ಮೇಲೆ, ಕೊನೆಯ ಮಗಳು ಹೊಸೂರಿನ ಕಡೆ ಗಂಡನ ಮನೆಗೆ ಹೋದಳು. ಹೋಗುವಾಗ ಹಾಕಿದ ಹಿತ್ತಾಳೆ ಬೀಗ ಮಳೆಬಿಸಿಲಿಗೆ ಹಸಿರು ತಿರುಗಿತ್ತು. ಆಷಾಢದ ಗಾಳಿಗೆ, ಗಣಿಯ ಅದಿರು ಅರೆದು ಸುರಿದ ಸೈನೈಡ್ ದಿಬ್ಬದ ಧೂಳು ಎದ್ದಾಗ ನಮ್ಮ ಮನೆಯಲ್ಲಿ ನಾವು ಗುಡಿಸುತ್ತಿದ್ದೆವು, ಅಲ್ಲಿ ಗುಡಿಸುವವರಿರಲಿಲ್ಲ. ಅಂಥದೇ ಒಂದು ಗಾಳಿಗೆ ಅವರ ಮಾಡಿನ ಎರಡು ಶೀಟು ಹಾರಿ ಎದುರು ಸಾಲಿನ ಹಿಂದೆ ಬಿದ್ದವು. ಯಾರೋ ಎತ್ತಿಕೊಂಡು ಹೋದರು. ಆಮೇಲೆ ಬಿದ್ದ ಮಳೆಯೆಲ್ಲ ನೇರವಾಗಿ ನಮ್ಮಿಬ್ಬರ ನಡುವಿನ ಗೋಡೆಯ ಬುಡಕ್ಕೆ ಸುರಿಯತೊಡಗಿತು.

ನಮ್ಮ ಯಜಮಾನರು ಬೆಂಗಳೂರಿನಲ್ಲಿ ವೈರಿಂಗ್ ಕೆಲಸ ಮಾಡುತ್ತಾರೆ. ಬೆಳಗಿನ ಟ್ರೈನಿಗೆ ಹೋಗಿ ಸಂಜೆಯ ಟ್ರೈನಿಗೆ ಬರುವವರು. ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಅವರು ಸ್ವಿಚ್ಚು ಕೂರಿಸಿಬಂದ ಎಷ್ಟೋ ಮನೆಗಳಲ್ಲಿ ಇನ್ನೂ ಯಾರೂ ದೀಪ ಹಾಕಿಲ್ಲವಂತೆ. ಬಂದು ಅದನ್ನು ಹೇಳುತ್ತಾ ನಮ್ಮ ಗೋಡೆಯ ಕಡೆ ನೋಡುತ್ತಿದ್ದರು. ಒಂದು ಸಂಜೆ ಗೋಡೆಯ ಮಧ್ಯಭಾಗ ನಮ್ಮ ಕಡೆಗೆ ಸ್ವಲ್ಪ ಉಬ್ಬಿರುವುದು ಅವರಿಗೂ ಕಂಡಿತು.

"ಇನ್ನು ಇಲ್ಲಿರೋದು ಬೇಡ. ಬಂಗಾರಪೇಟೆಯಲ್ಲಿ ಬಾಡಿಗೆಗೆ ನೋಡೋಣ. ನಿನ್ನ ಶಾಲೆಗೂ ಅತ್ರ ಆಯ್ತದೆ" ಎಂದರು.

ಅತ್ತೆ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಮದುವೆಯಾಗಿ ಬಂದಾಗಿನಿಂದ ಇದೇ ಮನೆಯಲ್ಲಿ ಬದುಕಿದವರು. ಅವರು ನೋಡಿದರೆ ಎಲೆ ಅಡಿಕೆ ಜಗಿಯುತ್ತಾ, "ಓಗಾನ ಬಿಡ್ಲಾ, ಅದ್ಕೇನು. ಇದೇನು ನಮ್ಮಪ್ಪ ಕಟ್ಟಿಸಿದ್ ಮನೇನಾ?" ಎಂದುಬಿಟ್ಟರು. ಮಾರನೆಯ ದಿನವೇ ಸೀರೆಗಳನ್ನೂ ಮಾವನ ಫೋಟೋವನ್ನೂ ಗಂಟು ಕಟ್ಟಿ ಬಾಗಿಲ ಪಕ್ಕ ಇಟ್ಟುಕೊಂಡು ಕೂತರು. ಗಂಟು ಅಲ್ಲಿದ್ದಷ್ಟು ದಿನ ನನಗೆ ಮನೆಯೊಳಗೆ ಕಾಲು ನಿಲ್ಲುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅಡುಗೆ ಮಾಡಿಕೊಂಡು ಇದ್ದ ಹಾಗೆ ಇರುತ್ತಿತ್ತು.

ಭಾನುವಾರ ಬಂತೆಂದರೆ ಅತ್ತೆಯನ್ನೂ ಕರೆದುಕೊಂಡು ಮನೆ ನೋಡಲು ಹೊರಡುತ್ತಿದ್ದೆವು. ಬಂಗಾರಪೇಟೆಯಲ್ಲಿ ರೈಲ್ವೆ ಗೇಟಿನ ಆಚೆ ಒಂದು ಮನೆ ತೋರಿಸಿದರು. ಮಾಲೀಕರ ಮನೆಯ ಹಿಂದೆ ಕಾಂಪೌಂಡಿಗೆ ಆನಿಸಿ ಕಟ್ಟಿದ ಎರಡು ಗೂಡು. ಅಡುಗೆಮನೆ ಮೆಟ್ಟಿಲ ಕೆಳಗೆ. ನಾನು ಬಗ್ಗಿ ಒಳಗೆ ಹೋಗಿ ನಿಂತು, "ಕಿಟಕಿ ಎಲ್ಲಿದೆ?" ಎಂದು ಕೇಳಿದೆ.

"ಗಾಳಿ ಬೇಕಂದ್ರೆ ಬಾಗ್ಲು ತಕ್ಕೊಳಿ" ಎಂದರು ಮಾಲೀಕರು. ತಮಾಷೆಗೆ ಹೇಳಿದ್ದಲ್ಲ.

ಇನ್ನೊಂದು ಭಾನುವಾರ ಕೋಲಾರದ ರಸ್ತೆಯಲ್ಲಿ ಹೊಸ ಮನೆಗಳ ಸಾಲೊಂದನ್ನು ನೋಡಿದೆವು. ಬಣ್ಣ ಬಳಿದು, ಟೈಲ್ಸ್ ಹಾಕಿ, ಬಾಗಿಲಿಗೆ ಮಾವಿನೆಲೆ ಕಟ್ಟಿದ್ದು ಒಣಗಿ ಉದುರಿತ್ತು. ಒಂದರಲ್ಲೂ ಜನವಿಲ್ಲ. ಕೀ ತಂದವನು ಒಂದೊಂದೇ ಬಾಗಿಲು ತೆಗೆದು ತೋರಿಸಿದ. ನಾನು ಅಡುಗೆಮನೆಯ ನಲ್ಲಿ ತಿರುಗಿಸಿದೆ. ಒಳಗಿನಿಂದ ಗಾಳಿ ಉಸಿರಿದಂತೆ ಸದ್ದಾಯಿತು, ನೀರು ಬರಲಿಲ್ಲ. ಬೋರು ಬತ್ತಿಹೋಗಿ ಯಾರೂ ನಿಲ್ಲುತ್ತಿಲ್ಲ ಎಂದು ಅವನೇ ಒಪ್ಪಿಕೊಂಡ.

ನನ್ನ ತವರಿಗೂ ಹೋದೆವು. ಬಂಗಾರಪೇಟೆಯಿಂದ ಒಳಗೆ ಹೋಗುವ ಹಳ್ಳಿ. ಅಲ್ಲಿ ನನ್ನಣ್ಣ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ. "ಊರೆಲ್ಲಾ ಯಾಕಮ್ಮ ಸುತ್ತೀಯ? ನಮ್ಮ ಆಶ್ರಯ ಮನೆ ಕಾಲಿ ಬಿದ್ದೈತಲ್ಲ, ಅದ್ರಾಗೆ ಇರಿ" ಎಂದ. ಸರ್ಕಾರದಿಂದ ಸಿಕ್ಕ ಮನೆ ಅದು. ಊರಾಚೆ ಗೋಡೆ ಎದ್ದಿದೆ, ಮಾಡು ಹೊದಿಸಿದ್ದಾರೆ, ನೆಲಕ್ಕೆ ಗಾರೆಯಿಲ್ಲ, ಕಕ್ಕಸಿಗೆ ಗುಂಡಿ ತೋಡಿ ಬಿಟ್ಟಿದ್ದಾರೆ. ಒಳಗೆ ಸೂರಿನವರೆಗೂ ಒಣಹುಲ್ಲು ಒಟ್ಟಿತ್ತು, ಮೂಲೆಯಲ್ಲಿ ಬೂಸಾ ಮೂಟೆ. ನಾವು ಬಾಗಿಲಲ್ಲಿ ನಿಂತಿದ್ದಾಗ ಹುಲ್ಲಿನ ಹಿಂದಿನಿಂದ ಒಂದು ಕರು ಎದ್ದು ನಮ್ಮನ್ನೇ ನೋಡಿತು.

"ಇದನ್ನೆಲ್ಲಾ ಎಲ್ಲಿಗಾಕ್ತೀಯ ಅಣ್ಣಾ?" ಎಂದೆ.

ಅವನು ತಲೆ ಕೆರೆದುಕೊಂಡ. "ಅದೇ... ಮಳೆಗಾಲ ಮುಗೀಲಿ. ಆಮೇಲೆ ನೋಡಾನ."

ಸಂಜೆ ಟ್ರೈನಿನಲ್ಲಿ ಮೂವರೂ ವಾಪಸು ಹೊರಟೆವು. ಊರಿಗಾಂ ಸ್ಟೇಷನ್ ದಾಟುವಾಗ ಮಳೆ ಹಿಡಿಯಿತು. ಕಿಟಕಿಯ ಹೊರಗೆ ಮಾಡು ಕಳಚಿದ ಮನೆಗಳು, ಗೋಡೆಯೊಳಗಿನಿಂದ ಗಿಡ ಎದ್ದ ಮನೆಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ದೀಪ ಉರಿಯುವ ಮನೆ. ದಿನವೂ ನೋಡುವುದೇ. ಆವತ್ತು ಮಾತ್ರ ದೀಪ ಕಂಡ ಕಡೆಯೆಲ್ಲ, ಇವರ ಪಕ್ಕದ ಗೋಡೆ ಹೇಗಿದೆಯೋ ಎಂದು ತಿರುಗಿ ತಿರುಗಿ ನೋಡುತ್ತಿದ್ದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೋಗಿ ಕೈಯಿಟ್ಟೆ. ನನ್ನ ಬೆರಳ ತುದಿ ಗೋಡೆಯೊಳಕ್ಕೆ ಇಳಿಯಿತು. ಒದ್ದೆ ಮಣ್ಣು. ಒತ್ತಿದರೆ ಇನ್ನೂ ಒಳಗೆ ಹೋಗುವ ಹಾಗಿತ್ತು.

ನನಗೆ ಏನಾಯಿತೋ. ಅಳು ಬರಬೇಕಾದ ಜಾಗದಲ್ಲಿ ಸಿಟ್ಟು ಬಂತು. ಹಿತ್ತಲಿನಿಂದ ಹಾರೆ ತಂದೆ. "ರೀ, ಬನ್ನಿ" ಎಂದೆ.

"ಎಲ್ಲಿಗೆ?"

"ಪಕ್ಕದ ಮನೆ ಬೀಗ ಒಡೀತೀನಿ."

"ತಲೆ ಕೆಟ್ಟೋಯ್ತಾ? ಬ್ಯಾರೆಯವರ ಮನೆ ಕಣೇ ಅದು!"

"ಗೋಡೆ ಬಿದ್ರೆ ಅದು ನಮ್ಮ ತಲೆ ಮೇಲೆ ಬೀಳೋದು, ಅವರ ತಲೆ ಮೇಲಲ್ಲ."

ಅತ್ತೆ ಜಗುಲಿಯಿಂದಲೇ, "ಅವ್ಳು ಏಳೋದು ಸರಿ ಕಣ್ಲಾ. ನೀನ್ ಒಡೀತೀಯೋ, ನಾನ್ ಬರ್ಲೋ?" ಎಂದರು. ಬೀಗ ಎರಡೇಟಿಗೆ ಬಿತ್ತು.

ಬಾಗಿಲು ಮಾತ್ರ ಹಾಗೆ ಜಗ್ಗಲಿಲ್ಲ. ಒಳ್ಳೆ ತೇಗದ ಬಾಗಿಲು, ದಪ್ಪ ಹಲಗೆಯದು, ಆ ಸಾಲಿಗೆಲ್ಲ ಅಂಥದ್ದು ಅದೊಂದೇ. ಇಬ್ಬರೂ ಭುಜ ಕೊಟ್ಟು ನೂಕಿದ ಮೇಲೆ ತೆರೆಯಿತು. ಒಳಗೆ ಮಳೆ ಬೀಳುತ್ತಿತ್ತು. ಮನೆಯೊಳಗೆ ನಿಂತು ಮಳೆಯಲ್ಲಿ ನೆನೆಯುವುದು ವಿಚಿತ್ರ ಅನುಭವ. ಗೋಡೆಗೆ ಬಳಿದಿದ್ದ ಗುಲಾಬಿ ಬಣ್ಣ ಒಂದು ಕಡೆ ಹೊಚ್ಚ ಹೊಸದಾಗಿತ್ತು, ಇನ್ನೊಂದು ಕಡೆ ಕರಗಿ ಇಳಿದಿತ್ತು. ಒಂದು ಕಬ್ಬಿಣದ ಮಂಚ, ಪರದೆ ಕಟ್ಟಿದ್ದ ತಂತಿ, ತುಕ್ಕು ಹಿಡಿದ ಸ್ಟೌ. ನಡುಗೋಡೆಯ ಬುಡದಲ್ಲಿ ಹರಳುಗಿಡವೊಂದು ಆಳೆತ್ತರ ಬೆಳೆದು ಹರಿದ ಮಾಡಿನ ಕಡೆಗೆ ತಲೆ ಎತ್ತಿತ್ತು. ಅದರ ಬೇರು ಗೋಡೆಯ ಕಲ್ಲುಗಳ ನಡುವೆ ಹೋಗಿತ್ತು.

ಮುಂದಿನ ವಾರವೆಲ್ಲ ಅದೇ ಕೆಲಸ. ಯಜಮಾನರು ಎರಡು ದಿನ ರಜೆ ಹಾಕಿದರು. ಹರಳುಗಿಡ ಕಡಿದು ಬೇರು ಅಗೆದೆವು. ಮಾಡಿಗೆ ಎರಡು ಹೊಸ ಶೀಟು ತಂದು ಹೊದಿಸಿ, ಗಾಳಿಗೆ ಏಳದಂತೆ ಮೇಲೆ ಕಲ್ಲು ಹೇರಿದೆವು. ಗಾರೆ ಕೆಲಸದವರೊಬ್ಬರು ಬಂದು ಗೋಡೆಯ ಬುಡಕ್ಕೆ ಕಲ್ಲು ತುಂಬಿ ಸಿಮೆಂಟು ಬಳಿದರು. "ಗೋಡೆ ಒಣಗಬೇಕು ಮೇಡಂ, ಒಳಗೆ ಬೆಂಕಿ ಆಕಿ" ಎಂದು ಹೇಳಿ ಹೋದರು.

ಹೀಗೆ ನಾನು ದಿನಾ ಶಾಲೆಯಿಂದ ಬಂದು ಆ ಮನೆಯಲ್ಲಿ ಪುರಲೆ ಕಡ್ಡಿ ಗುಡ್ಡೆ ಹಾಕಿ ಬೆಂಕಿ ಹಚ್ಚತೊಡಗಿದೆ. ಬೆಂಕಿ ಬಿಟ್ಟು ಬರುವ ಹಾಗಿಲ್ಲ, ಆದ್ದರಿಂದ ಅಲ್ಲೇ ಕೂತು ಕಾಪಿ ಪುಸ್ತಕ ತಿದ್ದುತ್ತಿದ್ದೆ. ಗೋಡೆ ನಿಧಾನವಾಗಿ ಬಣ್ಣ ಬದಲಿಸಿತು. ಅತ್ತೆ ಮಧ್ಯಾಹ್ನ ಹೋಗಿ ಆ ಮಂಚದ ಮೇಲೆ ಮಲಗಲು ಶುರುಮಾಡಿದರು, ಬೆಚ್ಚಗಿರುತ್ತದೆ ಎಂದು. ಯಜಮಾನರು ತಮ್ಮ ವೈರಿಂಗ್ ಸಾಮಾನು ತಂದಿಟ್ಟರು. ನಾನು ಒಂದು ಹಗ್ಗ ಕಟ್ಟಿ ಬಟ್ಟೆ ಒಣಹಾಕಿದೆ. ಯಾರೂ ತೀರ್ಮಾನ ಮಾಡಲಿಲ್ಲ, ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಆ ಮನೆಯನ್ನು ನಾವು 'ಆ ಕಡೆ' ಎಂದು ಕರೆಯುತ್ತಿದ್ದೆವು. "ಕತ್ತರಿ ಎಲ್ಲಿ?" ಎಂದರೆ "ಆ ಕಡೆ ಇದೆ" ಎನ್ನುವುದು.

ಎದುರು ಸಾಲಿನಲ್ಲಿ ಇಡ್ಲಿ ಮಾಡಿ ಮಾರುವ ಹೆಂಗಸೊಬ್ಬಳಿದ್ದಾಳೆ. ಒಂದು ದಿನ ನನ್ನನ್ನು ತಡೆದು, "ಅವರು ಬಂದ್ರೆ ಏನ್ ಸೊಲ್ತೀರ ಟೀಚರ್?" ಎಂದು ಕೇಳಿದಳು. ಅವಳ ಮಾತಿನಲ್ಲಿ ಕನ್ನಡವೂ ತಮಿಳೂ ಹೀಗೆ ಒಟ್ಟಿಗೇ ಬರುತ್ತವೆ.

"ಬರಲಿ, ಹೇಳ್ತೀನಿ" ಎಂದೆ. ಏನು ಹೇಳುವುದೆಂದು ಗೊತ್ತಿರಲಿಲ್ಲ. ಅಂದಿನಿಂದ ಬೀದಿಯಲ್ಲಿ ಆಟೋ ನಿಂತ ಸದ್ದಾದರೆ ಸಾಕು, ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಗೋಡೆ ಒಣಗಿತ್ತು, ನನ್ನ ಚಡಪಡಿಕೆ ಒಣಗಿರಲಿಲ್ಲ, ಜಾಗ ಬದಲಿಸಿತ್ತು ಅಷ್ಟೇ.

ಕೊನೆಗೆ ಆ ಮನೆಯವಳು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಯಜಮಾನರು ಬಂಗಾರಪೇಟೆಗೆ ಇನ್ನೊಂದು ಬಾಡಿಗೆ ಮನೆ ನೋಡಲು ಹೋಗಿದ್ದರು. ಒಂದು ಸಣ್ಣ ಟೆಂಪೋ ಬಂದು ನಮ್ಮ ಮುಂದೆ ನಿಂತಿತು. ಡ್ರೈವರಿನ ಪಕ್ಕದಿಂದ ಒಬ್ಬಳು ಹೆಂಗಸು ಇಳಿದಳು. ಬಡಕಲು ಮೈ, ಕತ್ತಿನಲ್ಲಿ ಇನ್ನೂ ಫ್ಯಾಕ್ಟರಿಯ ಐಡಿ ಕಾರ್ಡಿನ ದಾರ. ಪಕ್ಕದ ಮನೆಯ ಕೊನೆಯ ಮಗಳು. ನನ್ನ ಮದುವೆಯ ಹೊಸದರಲ್ಲಿ ಅವಳು ಲಂಗದಾವಣಿ ಹಾಕಿಕೊಂಡು ಕಾಲೇಜಿಗೆ ಹೋಗುತ್ತಿದ್ದಳು.

ಬಾಗಿಲು ತೆರೆದೇ ಇತ್ತು. ಅವಳು ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದಳು. ಅವಳಪ್ಪನ ಮಂಚದ ಮೇಲೆ ನನ್ನ ಅತ್ತೆ ಕಾಲು ಚಾಚಿ ಮಲಗಿದ್ದರು. ಹಗ್ಗದ ಮೇಲೆ ನನ್ನ ಸೀರೆ.

"ನಮ್ಮ ಬೀಗ ಎಲ್ಲಿ ಅಕ್ಕಾ?" ಎಂದಳು. ದನಿ ಎತ್ತರಿಸಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹಾರಿದ ಶೀಟು, ಹರಳುಗಿಡ, ಬೆರಳಿಗೆ ಸಿಕ್ಕ ಒದ್ದೆ ಮಣ್ಣು. ನಿನ್ನ ನಂಬರ್ ಯಾರ ಹತ್ತಿರವೂ ಇರಲಿಲ್ಲ ಎಂದೆ. ಅದು ನಿಜವೇ. ಅವಳು ಕೇಳುತ್ತಾ ಮನೆಯೊಳಗೆ ನಡೆದಾಡಿದಳು. ಗುಲಾಬಿ ಬಣ್ಣ ಉಳಿದಿದ್ದ ಕಡೆ ನಿಂತಳು. ಮಾಡಿನ ಕಡೆ ನೋಡಿದಳು.

ಡ್ರೈವರ್ ಒಳಗೆ ಇಣುಕಿದ. "ಏನ್ ತಗೀಬೇಕು ಸೊಲ್ಲುಕ್ಕಾ. ಶೀಟು ಮೊದ್ಲು ಬಿಚ್ಲಾ?"

ಆಗ ನನಗೆ ಅರ್ಥವಾಯಿತು. ಅವಳು ಇರಲು ಬಂದವಳಲ್ಲ, ಮನೆಯನ್ನು ಬಿಚ್ಚಿಕೊಂಡು ಹೋಗಲು ಬಂದವಳು. ನಮ್ಮ ಸಾಲುಗಳಲ್ಲಿ ಇದು ಹೊಸದಲ್ಲ. ಒಂದು ದಿನ ಯಾರೋ ಬಂದು ಬಾಗಿಲು, ಕಿಟಕಿ, ಶೀಟು, ಜಂತಿ ಎಲ್ಲ ಬಿಚ್ಚಿ ಹೇರಿಕೊಂಡು ಹೋಗುತ್ತಾರೆ. ಆಮೇಲೆ ಒಂದೆರಡು ಮಳೆಗೆ ಗೋಡೆಗಳೂ ಕೂರುತ್ತವೆ.

"ಮಾಡು ಬಿಚ್ಚಬೇಡಮ್ಮ" ಎಂದೆ. "ಆ ಎರಡು ಶೀಟು ನಾವು ಹಾಕಿಸಿದ್ದು."

"ನಿಮ್ಮ ಎರಡನ್ನ ಬಿಟ್ಟು ಮಿಕ್ಕಿದ್ದು ಬಿಚ್ತೀವಿ. ಮನೆ ನಮ್ಮದಲ್ವಾ ಅಕ್ಕಾ?"

"ಮನೆ ನಿಮ್ದೇ. ಗೋಡೆ ಇಬ್ಬರ್ದೂ ಅಲ್ವಾ?"

"ಗೋಡೆ ತಕ್ಕೊಂಡು ಓಗಕ್ಕೆ ಬಂದಿಲ್ಲ ನಾನು."

"ಶೀಟು ತೆಗೆದ್ರೆ ಗೋಡೆ ತೆಗೆದ ಹಾಗೇ."

ನಮ್ಮಿಬ್ಬರ ದನಿಯೂ ಏರಿತ್ತು. ಇಡ್ಲಿಯವಳು ಎದುರಿನಲ್ಲಿ ಬಂದು ನಿಂತಿದ್ದಳು. ಅಷ್ಟರಲ್ಲಿ ಅತ್ತೆ ಎದ್ದು ಕೂತರು. ಕಣ್ಣು ಕಿರಿದು ಮಾಡಿ ಅವಳನ್ನು ನೋಡಿ, "ಯಾರದು? ಚಿನ್ನ ಪಾಪನಾ?" ಎಂದರು. ಮನೆಯ ಚಿಕ್ಕ ಮಗುವೆಂದು ಬೀದಿಯೆಲ್ಲ ಅವಳನ್ನು ಹಾಗೆ ಕರೆಯುತ್ತಿತ್ತಂತೆ. ಆಮೇಲೆ ಅತ್ತೆ ತಮಿಳಿಗೆ ಹೊರಳಿದರು. ಏನೇನೋ ಕೇಳಿದರು, ನನಗೆ ಅರ್ಧ ತಿಳಿಯಿತು. ಊಟ ಆಯ್ತಾ, ಮಕ್ಕಳೆಷ್ಟು, ಗಂಡ ಹೇಗಿದ್ದಾನೆ. ಅವಳು ಮೊದಲು ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ಆಮೇಲೆ ಮಂಚದ ತುದಿಯಲ್ಲಿ ಕೂತಳು.

ಅವಳ ಕಷ್ಟ ಆಗ ಹೊರಬಂತು. ಗಂಡನ ಸೈಟಿನಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಿ, ಮೇಲೆ ಅರ್ಧಕ್ಕೆ ಶೀಟು ಹಾಕಿ ಸೇರಿಕೊಂಡಿದ್ದಾರೆ. ಇನ್ನರ್ಧಕ್ಕೆ ಟಾರ್ಪಾಲು. ಬಾಗಿಲೇ ಇಲ್ಲ.

"ಸೀರೆ ಕಟ್ಟಿದೀನಿ ಅಕ್ಕಾ ಬಾಗ್ಲಿಗೆ" ಎಂದಳು ನನ್ನ ಕಡೆ ತಿರುಗಿ. "ದೊಡ್ಡವಳು ಮೈನೆರೆದ್ಲು. ನಂಗೂ ಅವ್ರಿಗೂ ಒಂದೊಂದು ಸಾರಿ ಇಬ್ಬರ್ಗೂ ಶಿಫ್ಟು ಇರ್ತದೆ. ಫ್ಯಾಕ್ಟರಿಯಾಗೆ ನಿಂತ್ಕೊಂಡು ಕೆಲ್ಸ ಮಾಡ್ತಾ ಇದ್ರೂ ಆ ಸೀರೇನೇ ಕಣ್ಮುಂದೆ. ಗಾಳಿಗೆ ಎದ್ದಿರ್ತದೋ ಏನೋ ಅಂತ."

ಟ್ರೈನಿನಲ್ಲಿ, ತರಗತಿಯಲ್ಲಿ, ಮಳೆ ಬಂದಾಗಲೆಲ್ಲ ನಾನು ಗೋಡೆಯನ್ನು ನೆನೆಯುತ್ತಿದ್ದದ್ದು ಹೀಗೆಯೇ. ಅವಳು ಹೇಳಿದ ಸೀರೆ ನನ್ನ ಕಣ್ಣಿಗೂ ಕಟ್ಟಿತು.

ಅತ್ತೆ ಮಂಚದಿಂದ ಇಳಿದು ಬಾಗಿಲ ಹತ್ತಿರ ಹೋಗಿ ಹಲಗೆಯನ್ನು ತಟ್ಟಿದರು. "ಇದು ನಿಮ್ಮಪ್ಪ ಆಸೆಪಟ್ಟು ಮಾಡಿಸಿದ್ ಬಾಗ್ಲು. ಇದನ್ನ ತಕ್ಕೊಂಡೋಗು. ಚೌಕಟ್ಟು ಸಮೇತ ತಕ್ಕೊಂಡೋಗು. ಮ್ಯಾಲಿಂದು ಮಾತ್ರ ಮುಟ್ಟಬ್ಯಾಡ ತಾಯಿ, ನಾವು ಮೂರ್ ಜನ ಆ ಗೋಡೆ ಪಕ್ಕ ಮಲಗ್ತೀವಿ."

ಅವಳು ತಲೆಯೆತ್ತಿ ಮಾಡಿನ ಶೀಟುಗಳನ್ನು ಎಣಿಸಿದಳು. ಅರ್ಧ ಮನೆಗೆ ಟಾರ್ಪಾಲು ಹೊದಿಸಿರುವವಳಿಗೆ ಆ ಶೀಟುಗಳೂ ಬೇಕೇ ಬೇಕಾಗಿತ್ತು. ಅದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆ ಎಂಬುದೂ ಗೊತ್ತಿತ್ತು. ಕೊನೆಗೆ ಡ್ರೈವರಿಗೆ ಹೇಳಿದಳು: "ಬಾಗ್ಲು ಮಾತ್ರ ಅಣ್ಣಾ."

ಯಜಮಾನರು ಬಂದದ್ದು ಆಗಲೇ. ಟೆಂಪೋ ನೋಡಿ ಗಾಬರಿಯಿಂದ ಓಡಿ ಬಂದವರಿಗೆ ನಾನು ವಿಷಯ ಹೇಳಿದೆ. ಅವರು ಅಂಗಿ ಬಿಚ್ಚಿಟ್ಟು, ತಮ್ಮ ಸಾಮಾನಿನ ಚೀಲ ತಂದು, ಡ್ರೈವರಿನ ಜೊತೆ ಸೇರಿ ಚೌಕಟ್ಟನ್ನು ಗೋಡೆಯಿಂದ ಬಿಡಿಸಿದರು. ಗೋಡೆ ಅದುರಬಾರದೆಂದು ಉಳಿಯನ್ನು ಸಣ್ಣ ಸಣ್ಣ ಏಟಿನಲ್ಲಿ ಹೊಡೆಯುತ್ತಿದ್ದರು. ಒಂದೊಂದು ಏಟಿಗೂ ನಾನು ಮಾಡಿನ ಕಡೆ ನೋಡುತ್ತಿದ್ದೆ. ಅವಳು ನನ್ನ ಪಕ್ಕ ನಿಂತು ಬಾಗಿಲ ಕಡೆ ನೋಡುತ್ತಿದ್ದಳು. ಬಾಗಿಲು ಬಿಡುಗಡೆಯಾದಾಗ ನಾಲ್ಕು ಜನ ಸೇರಿ ಎತ್ತಬೇಕಾಯಿತು. ಟೆಂಪೋದಲ್ಲಿ ಅದರ ಕೆಳಗೆ ಗೀಚದಂತೆ ನನ್ನ ಹಳೆಯ ಕಂಬಳಿ ಹಾಸಿದೆವು.

ಊಟ ಮಾಡಿಕೊಂಡು ಹೋಗೆಂದರೆ ನಿಲ್ಲಲಿಲ್ಲ. ಸಂಜೆಯೊಳಗೆ ಬಾಗಿಲು ಕೂರಿಸಬೇಕು, ನಾಳೆ ಅವಳಿಗೆ ಬೆಳಗಿನ ಶಿಫ್ಟು. ಹತ್ತುವಾಗ ನನ್ನ ನಂಬರ್ ಕೇಳಿ ಫೋನಿನಲ್ಲಿ ಹಾಕಿಕೊಂಡಳು. "ಮಂಚ ಪಾಟಿಗೇ ಇರಲಿ, ನಮ್ಮನೇಲಿ ಜಾಗ ಇಲ್ಲ" ಎಂದಳು. ಪಾಟಿ ಎಂದರೆ ಅಜ್ಜಿ, ನನ್ನ ಅತ್ತೆ. ಹೋದ ಮೇಲೆ ಇಡ್ಲಿಯವಳು ಬಂದು ಬಾಗಿಲಿಲ್ಲದ ಬಾಯಿಯನ್ನು ನೋಡಿ, "ಅಯ್ಯೋ, ಹಲ್ಲು ಕಿತ್ತ ಹಂಗಿದೆ" ಎಂದಳು.

ಇದಾಗಿ ಈಗ ಒಂದು ಮಳೆಗಾಲ ಕಳೆದಿದೆ. ಗೋಡೆ ನಿಂತಿದೆ. ಆದರೆ ಬಾಗಿಲಿಲ್ಲದ ಮನೆಯನ್ನು ಕಾಯುವುದು ಬೀಗ ಹಾಕಿದ ಮನೆಯನ್ನು ಕಾಯುವುದಕ್ಕಿಂತ ಕಷ್ಟ. ಮೊದಲು ನಾಯಿಗಳು ಬಂದವು. ಅಡ್ಡಕ್ಕೆ ಹಲಗೆ ಕಟ್ಟಿದೆವು. ಆಮೇಲೆ ಇಸ್ಪೀಟು ಆಡುವವರು ಬಂದರು, ಹಲಗೆ ದಾಟಿ. ಅತ್ತೆ ಮಂಚದ ಮೇಲೆ ಕೂತು ಅವರನ್ನು ತೆಲುಗಿನಲ್ಲಿ ಬೈದು ಓಡಿಸಿದರು. ಸಿಟ್ಟು ಬಂದಾಗ ಅತ್ತೆ ತಮ್ಮ ಹುಟ್ಟಿದೂರಿನ ಮಾತಿಗೇ ಹೋಗುತ್ತಾರೆ.

ಯಜಮಾನರಿಗೆ ಹೊಸ ಯೋಚನೆಯೊಂದು ಬಂದಿದೆ. ಆ ಮನೆಯ ಮುಂಬಾಗಿಲನ್ನು ಕಲ್ಲಿಟ್ಟು ಮುಚ್ಚಿ, ನಡುಗೋಡೆಯಲ್ಲೇ ಒಂದು ಬಾಗಿಲು ಕೊರೆದು, ಎರಡನ್ನೂ ಒಂದು ಮಾಡಿಬಿಡೋಣ ಎನ್ನುತ್ತಾರೆ. ಭಾನುವಾರ ಮನೆ ನೋಡಲು ಹೋಗುವುದನ್ನು ಬಿಟ್ಟು, ಪೆನ್ಸಿಲಿನಿಂದ ಗೋಡೆಯ ಮೇಲೆ ಗೆರೆ ಹಾಕಿ ಅಳತೆ ನೋಡುತ್ತಾರೆ. ನಾನು ಒಪ್ಪಿಲ್ಲ. ಇಷ್ಟು ಒದ್ದಾಡಿ ನಿಲ್ಲಿಸಿದ ಗೋಡೆಯನ್ನು ನಾವೇ ಕೊರೆಯುವುದೇ? ಅದಕ್ಕಿಂತ ಹೆಚ್ಚಾಗಿ, ಅವಳನ್ನು ಕೇಳದೆ ಮಾಡುವುದು ಹೇಗೆ?

ಮೊನ್ನೆ ಅವಳೇ ಫೋನು ಮಾಡಿದ್ದಳು. ಹಿಂದೆ ಮಷೀನುಗಳ ಸದ್ದು ಕೇಳುತ್ತಿತ್ತು. ಬಾಗಿಲು ಚೆನ್ನಾಗಿ ಕೂತಿದೆಯಂತೆ, ಒಳಗಡೆಯಿಂದ ಹಾಕಿಕೊಳ್ಳಲು ಎರಡು ಅಗುಳಿ ಮಾಡಿಸಿದ್ದಾರಂತೆ. "ಈಗ ಟಾರ್ಪಾಲು ಅರೀತಾ ಐತೆ ಅಕ್ಕಾ" ಎಂದಳು. ಆಮೇಲೆ "ಶೀಟು ಎಲ್ಲಾ ಚೆನ್ನಾಗದಾ?" ಎಂದು ಕೇಳಿದಳು.

ಚೆನ್ನಾಗಿದೆ ಎಂದೆ. ಅವಳು ಹೂಂ ಎಂದಳು. ಬಾಗಿಲು ಕೊರೆಯುವ ವಿಷಯ ಕೇಳಬೇಕೆಂದುಕೊಂಡಿದ್ದೆ, ಮಕ್ಕಳ ವಿಷಯ ಕೇಳಿದೆ. ಅವಳೂ ಇನ್ನೇನೋ ಕೇಳಲು ಹೊರಟವಳು ಕೇಳಲಿಲ್ಲ. ಅಷ್ಟರಲ್ಲಿ ಅವಳನ್ನು ಯಾರೋ ಕರೆದರು, ಫೋನು ಇಟ್ಟಳು. ನಾನು ಹಲಗೆ ದಾಟಿ ಆ ಕಡೆ ಹೋಗಿ, ಮಂಚದ ಮೇಲೆ ಕೂತು, ಅವಳ ಶೀಟುಗಳನ್ನೂ ನಮ್ಮ ಶೀಟುಗಳನ್ನೂ ನೋಡುತ್ತಾ ಇದ್ದೆ. ಯಾವುದು ಯಾರದ್ದೆಂದು ಈಗಲೂ ಬಣ್ಣದಲ್ಲೇ ಗೊತ್ತಾಗುತ್ತದೆ.